‘ಇನ್ನೊಂದು ಸಲ ಕೇಳಿ’: ಎರಡನೇ ಜನಮತಗಣನೆ ಎಂಬ ಸೇವೆ ಬಳಕೆಗೆ ಯೋಗ್ಯವೇ?

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ರೈತನಿಗೆ ಒಂದು ಹಕ್ಕಿದೆ. ತಂದ ಗೂಡಿಗೆ ಲಾಟ್ ನಂಬರ್ ಬೀಳುತ್ತದೆ. ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳು ಒಂದು ಹಿಡಿ ಗೂಡು ಎತ್ತಿ ಬೆರಳಲ್ಲಿ ಅಮುಕಿ ನೋಡುತ್ತಾರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಆಮೇಲೆ ಬೆಲೆ ಹಾಕುತ್ತಾರೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ‘ಬೇಡ’ ಎನ್ನಬಹುದು, ಲಾಟು ಮತ್ತೆ ಹರಾಜಿಗೆ ಬರುತ್ತದೆ. ಹಾಗಂತ ವಾರಗಟ್ಟಲೆ ಇಟ್ಟುಕೊಂಡು ಕೂರುವಂತಿಲ್ಲ. ಹಸಿ ಗೂಡಿನೊಳಗಿನ ಹುಳು ಪತಂಗವಾಗಿ ಗೂಡು ಕೊರೆದು ಹೊರಬಂತೆಂದರೆ ಎಳೆ ತುಂಡಾಯಿತು, ಮತ್ತೆ ಆ ಗೂಡಿನಿಂದ ಉದ್ದ ನೂಲು ಬಿಚ್ಚಲಾಗದು. ಎರಡನೇ ಅವಕಾಶ ಉಂಟು, ಅದಕ್ಕೊಂದು ನಿಯಮ ಉಂಟು, ಗಡುವೂ ಉಂಟು. ಈ ಮೂರೂ ಹರಾಜು ಶುರುವಾಗುವ ಮೊದಲೇ ರೈತನಿಗೂ ಗೊತ್ತು, ರೀಲರಿಗೂ ಗೊತ್ತು.

ದೇಶವನ್ನೇ ಎರಡು ಹೋಳು ಮಾಡುವ ತೀರ್ಮಾನವನ್ನು ಜನಮತಗಣನೆ ಎಂದು ನೇರವಾಗಿ ಮತದಾರರ ಮುಂದಿಡುವಾಗ ಈ ಮೂರು ಸಂಗತಿ ಮೊದಲೇ ಗೊತ್ತಿರುತ್ತವೆಯೇ? ಬ್ರಿಟನ್‌ನಲ್ಲಿ ಗೊತ್ತಿರಲಿಲ್ಲ. ಐರೋಪ್ಯ ಒಕ್ಕೂಟ ಬಿಡಬೇಕೇ ಎಂದು ಕೇಳಿದ 2016ರ ಬ್ರೆಕ್ಸಿಟ್ ಮತದಾನದ ಬಳಿಕ ಮೂರೂವರೆ ವರ್ಷ ಆ ದೇಶ ‘ಇನ್ನೊಂದು ಸಲ ಕೇಳಬೇಕೇ, ಬೇಡವೇ’ ಎಂದು ಜಗಳವಾಡಿತು. ಐರ್ಲೆಂಡ್, ಡೆನ್ಮಾರ್ಕ್, ನ್ಯೂಜಿಲೆಂಡ್ ದೇಶಗಳು ಎರಡನೇ ಸಲ ಕೇಳಿಯೂ ನೋಡಿವೆ. ಹಾಗಾಗಿ ಇದನ್ನು ಬರೀ ತತ್ವದ ಚರ್ಚೆಯಾಗಿ ಬಿಡದೆ, ಜನರಿಗೆ ಒದಗಿಸುವ ಒಂದು ಸೇವೆಯೆಂದು ಹಿಡಿದು ತೂಗಿ ನೋಡುವುದು ಒಳ್ಳೆಯದು. ಏನು ಸಿಗುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಎಲ್ಲಿ ಕೆಡುತ್ತದೆ, ಯಾರದು ಚೆನ್ನಾಗಿದೆ ಎಂಬುದೇ ಇಲ್ಲಿನ ವಿಷಯ.

ನಮ್ಮ ತೀರ್ಪು ಇಷ್ಟು. ಮತದಾರರಿಗೆ ಎರಡನೇ ಅವಕಾಶ ಸಿಗಲೇಬೇಕು, ಆದರೆ ಎರಡು ಷರತ್ತಿನ ಮೇಲೆ. ಮೊದಲ ಸಲ ತೋರಿಸಿದ ಸರಕಿಗೂ ಈಗ ಕೈಗೆ ಬಂದ ಸರಕಿಗೂ ವ್ಯತ್ಯಾಸ ಇರಬೇಕು. ಎರಡನೇ ಸಲ ಕೇಳುವ ನಿಯಮ ಮೊದಲ ಮತದಾನಕ್ಕೂ ಮುಂಚೆಯೇ ಬರಹದಲ್ಲಿರಬೇಕು. ಎರಡೂ ಇಲ್ಲದೆ ಕೇಳುವ ಎರಡನೇ ಮತ, ಅಂಗಡಿಯವನಿಗೆ ಬೇಕಾದ ಸೀರೆಯನ್ನೇ ಗಿರಾಕಿ ಒಪ್ಪುವ ತನಕ ಮಡಿಕೆ ಬಿಚ್ಚಿ ತೋರಿಸಿದಂತೆ.

ಮೂರು ಬೇರೆ ಬೇರೆ ಕಿಟಕಿಗಳು

ನಮ್ಮ ಕಡೆ ಈ ವಿಷಯ ಮಾತಿಗೆ ಬಂದಾಗಲೆಲ್ಲ ಮರುಎಣಿಕೆ, ಮರುಮತದಾನ, ಮರುಪ್ರಶ್ನೆ ಮೂರನ್ನೂ ಒಂದೇ ಚೀಲಕ್ಕೆ ಹಾಕುತ್ತಾರೆ. ಅವು ಮೂರು ಬೇರೆ ಕಿಟಕಿಗಳು. ಒಂದು ಕಿಟಕಿಯ ಅರ್ಜಿ ಇನ್ನೊಂದರಲ್ಲಿ ನಡೆಯುವುದಿಲ್ಲ.

ಮರುಎಣಿಕೆ ಎಂದರೆ ಬಿದ್ದ ಮತವನ್ನೇ ಮತ್ತೆ ಎಣಿಸುವುದು. 2023ರ ವಿಧಾನಸಭೆ ಚುನಾವಣೆಯಲ್ಲಿ ಪಕ್ಕದ ಮಾಲೂರಿನ ಗೆಲುವಿನ ಅಂತರ 248 ಮತ. ಆ ಎಣಿಕೆಯ ತಕರಾರು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಥದ್ದಕ್ಕೆ ಫಲಿತಾಂಶ ಪ್ರಕಟವಾದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು. 46ನೇ ದಿನ ಹೋದರೆ ಎಷ್ಟೇ ಗಟ್ಟಿ ಪುರಾವೆ ಇದ್ದರೂ ಬಾಗಿಲು ಮುಚ್ಚಿರುತ್ತದೆ. ಮರುಮತದಾನ ಇನ್ನೊಂದು ಬಗೆ. ಮತಗಟ್ಟೆಯಲ್ಲಿ ಯಂತ್ರ ಕೆಟ್ಟರೆ, ಕಿತ್ತುಕೊಂಡು ಹೋದರೆ, ಮತದಾನದ ಕ್ರಮವೇ ತಪ್ಪಿದರೆ ಪ್ರಜಾಪ್ರಾತಿನಿಧ್ಯ ಕಾಯ್ದೆ 1951ರ 58ನೇ ಸೆಕ್ಷನ್ ಪ್ರಕಾರ ಚುನಾವಣಾ ಆಯೋಗ ಆ ಮತಗಟ್ಟೆಯಲ್ಲಿ ಮತ್ತೆ ಮತದಾನ ನಡೆಸುತ್ತದೆ. ಅಭ್ಯರ್ಥಿಗಳು ಅವರೇ, ಪ್ರಶ್ನೆಯೂ ಅದೇ.

ಎರಡನೇ ಜನಮತಗಣನೆ ಮೂರನೇ ಕಿಟಕಿ. ಅಲ್ಲಿ ಯಂತ್ರವೂ ಕೆಟ್ಟಿಲ್ಲ, ಎಣಿಕೆಯೂ ತಪ್ಪಿಲ್ಲ. ಆದರೂ ಮತ್ತೆ ಕೇಳಿ ಎಂದರೆ ಅದಕ್ಕೆ ಕಾರಣ ಬೇರೆಯೇ ಇರಬೇಕು. ಬ್ರೆಕ್ಸಿಟ್ ಜಗಳದಲ್ಲಿ ‘ಪ್ರಚಾರದಲ್ಲಿ ಸುಳ್ಳು ಹೇಳಿದರು’, ‘ಅಂತರ ಕಡಿಮೆ’, ‘ಜನ ಈಗ ಮನಸ್ಸು ಬದಲಿಸಿದ್ದಾರೆ’ ಎಂಬ ಮೂರು ಮಾತು ಸದಾ ಕೇಳಿಬಂದವು. ಮೂರೂ ದುರ್ಬಲ ಕಾರಣಗಳು. ಪ್ರತಿ ಚುನಾವಣೆಯಲ್ಲೂ ಸೋತವರು ಅದನ್ನೇ ಹೇಳಬಲ್ಲರು. ನಾಲ್ಕನೇ ಕಾರಣವೊಂದಿತ್ತು, ಗಟ್ಟಿಯಾದದ್ದು. ಅದನ್ನು ಸರಿಯಾಗಿ ಹೇಳಿದವರು ಕಡಿಮೆ.

ಬ್ರಿಟನ್ ಮಾದರಿ: 16 ಪದದ ಪ್ರಶ್ನೆ, 585 ಪುಟದ ಉತ್ತರ

2016ರ ಜೂನ್ 23ರ ಮತಪತ್ರದಲ್ಲಿ ಇದ್ದದ್ದು ಇಂಗ್ಲಿಷಿನ 16 ಪದಗಳ ಒಂದೇ ಪ್ರಶ್ನೆ: ಬ್ರಿಟನ್ ಐರೋಪ್ಯ ಒಕ್ಕೂಟದ ಸದಸ್ಯನಾಗಿ ಉಳಿಯಬೇಕೇ, ಒಕ್ಕೂಟ ಬಿಡಬೇಕೇ. ಮೊದಲ ಕರಡಿನಲ್ಲಿ ‘ಉಳಿಯಬೇಕೇ’ ಎಂದು ಮಾತ್ರ ಇತ್ತು, ಹೌದು ಅಥವಾ ಇಲ್ಲ ಎನ್ನಬೇಕಿತ್ತು. ‘ಹೌದು’ ಎಂಬ ಪದವೇ ಒಂದು ಕಡೆಗೆ ಸ್ವಲ್ಪ ವಾಲಿಸುತ್ತದೆ ಎಂದು ಅಲ್ಲಿನ ಚುನಾವಣಾ ಆಯೋಗ ಅದನ್ನು ಬದಲಿಸಲು ಹೇಳಿತು. ಇಷ್ಟು ಜೋಪಾನವಾಗಿ ಪದ ತೂಗಿದವರು ‘ಬಿಡುವುದು’ ಎಂದರೆ ಏನು ಎಂಬುದನ್ನೇ ಬರೆಯದೆ ಬಿಟ್ಟರು. ನಾರ್ವೆಯಂತೆ ಒಕ್ಕೂಟದ ಒಳಮಾರುಕಟ್ಟೆಯಲ್ಲಿ ಮಾತ್ರ ಉಳಿದು ಸದಸ್ಯತ್ವ ಬಿಡುವುದೇ? ಕೆನಡಾದಂತೆ ವ್ಯಾಪಾರ ಒಪ್ಪಂದ ಮಾಡಿಕೊಂಡು ದೂರ ಇರುವುದೇ? ಒಪ್ಪಂದವೇ ಇಲ್ಲದೆ ಎದ್ದು ಹೊರಡುವುದೇ? ಉತ್ತರ ಐರ್ಲೆಂಡಿನ ಗಡಿಯಲ್ಲಿ ಲಾರಿ ನಿಲ್ಲಿಸಿ ತಪಾಸಣೆ ಮಾಡಬೇಕೇ? ಮತಪತ್ರದಲ್ಲಿ ಯಾವುದೂ ಇಲ್ಲ.

ಬಿಡಬೇಕು ಎಂದವರು 1,74,10,742, ಉಳಿಯಬೇಕು ಎಂದವರು 1,61,41,241. ಶೇಕಡಾ 51.9ಕ್ಕೆ 48.1. ಮತದಾನ ಶೇ 72.2. 2017ರ ಮಾರ್ಚ್ 29ರಂದು ಒಕ್ಕೂಟದ ಒಪ್ಪಂದದ 50ನೇ ವಿಧಿಯಡಿ ನೋಟಿಸ್ ಕೊಟ್ಟರು. ಕೊಟ್ಟ ದಿನದಿಂದ ಎರಡು ವರ್ಷದ ಗಡಿಯಾರ ಓಡತೊಡಗಿತು. 2018ರ ನವೆಂಬರ್‌ನಲ್ಲಿ ಕೊನೆಗೂ ಕೈಗೆ ಬಂದ ನಿರ್ಗಮನ ಒಪ್ಪಂದ 585 ಪುಟದ್ದು. ಅದನ್ನು 2019ರ ಜನವರಿ 15ರಂದು ಸಂಸತ್ತಿನ ಕೆಳಮನೆ 432–202ರಿಂದ ತಳ್ಳಿಹಾಕಿತು. ಮಾರ್ಚ್‌ನಲ್ಲಿ ಇನ್ನೂ ಎರಡು ಸಲ ತಳ್ಳಿತು. ಸಂಸದರಿಗೆ ಒಂದೇ ಒಪ್ಪಂದದ ಮೇಲೆ ಮೂರು ಸಲ ಮತ ಹಾಕುವ ಅವಕಾಶ ಸಿಕ್ಕಿತು, ಮತದಾರನಿಗೆ ಎರಡನೆಯದೂ ಸಿಗಲಿಲ್ಲ. ಮತದಾರರ ಮುಂದೆ ಇಡೋಣ ಎಂಬ ಸೂಚನೆ ಏಪ್ರಿಲ್ 1ರಂದು 280–292ರಿಂದ ಬಿದ್ದುಹೋಯಿತು. ಹನ್ನೆರಡೇ ಮತ.

ಗಟ್ಟಿ ಕಾರಣ ಇಲ್ಲಿದೆ. 2016ರಲ್ಲಿ ಜನ ಒಪ್ಪಿದ್ದು ಒಂದು ದಿಕ್ಕನ್ನು. 2018ರಲ್ಲಿ ಬಂದದ್ದು ಬೆಲೆಪಟ್ಟಿ ಸಮೇತ ಒಂದು ಸರಕು. ಗೂಡು ನೋಡದೆ ಬೆಲೆ ಹಾಕಿದ ರೀಲರಿಗೆ ಲಾಟು ತೆರೆದ ಮೇಲೆ ಒಂದು ಮಾತು ಕೇಳುವುದು ನ್ಯಾಯ.

ಆದರೆ ಎದುರು ಪಕ್ಷದ ವಾದವನ್ನು ಹಗುರವಾಗಿ ನೋಡಬಾರದು. 2015ರಲ್ಲಿ ಸಂಸತ್ತು ಮಾಡಿದ ಜನಮತಗಣನೆ ಕಾಯ್ದೆ ಆ ಮತವನ್ನು ಕಡ್ಡಾಯ ಮಾಡಿರಲಿಲ್ಲ, ಕಾನೂನಿನ ದೃಷ್ಟಿಯಲ್ಲಿ ಅದು ಬರೀ ಸಲಹೆ. ಆದರೆ 2016ರ ಏಪ್ರಿಲ್‌ನಲ್ಲಿ ಸರ್ಕಾರವೇ 93 ಲಕ್ಷ ಪೌಂಡ್ ಖರ್ಚು ಮಾಡಿ ಮನೆಮನೆಗೂ ಒಂದು ಕರಪತ್ರ ಕಳಿಸಿತ್ತು. ತೀರ್ಮಾನ ನಿಮ್ಮದು, ನೀವು ಹೇಳಿದ್ದನ್ನು ಸರ್ಕಾರ ಜಾರಿಗೆ ತರುತ್ತದೆ ಎಂದು ಅದರಲ್ಲಿ ಬರೆದಿತ್ತು. ಕಾಯ್ದೆ ಒಂದು ಹೇಳಿತು, ಕರಪತ್ರ ಇನ್ನೊಂದು ಹೇಳಿತು. ಚಿಕ್ಕಬಳ್ಳಾಪುರದ ಬಜಾರಿನಲ್ಲೇ ಆಗಲಿ, ಬಿಲ್ಲಿನ ಕೆಳಗೆ ‘ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಅಚ್ಚು ಹಾಕಿಸಿದ ಅಂಗಡಿಯವನು ಮಾರನೇ ದಿನ ‘ಮಾಲು ವಾಪಸು ಕೊಡಿ, ಬೇರೆ ಕೊಡುತ್ತೇನೆ’ ಎಂದರೆ ಗಿರಾಕಿ ಸಿಟ್ಟಾಗುತ್ತಾನೆ. ಬಿಡಬೇಕು ಎಂದು ಮತ ಹಾಕಿದವರ ಸಿಟ್ಟು ಅಂಥದ್ದೇ. ಎಷ್ಟೋ ವರ್ಷದಿಂದ ಮತಗಟ್ಟೆ ಕಡೆ ಸುಳಿಯದಿದ್ದವರೂ ಅಂದು ಬಂದು ಮತ ಹಾಕಿದ್ದರು. ಅವರಿಗೆ ‘ನಿಮ್ಮ ಮತ ಲೆಕ್ಕಕ್ಕಿಲ್ಲ’ ಎಂಬ ಭಾವನೆ ಬಂದರೆ ಮುಂದೆ ಯಾವ ಮತದಾನದ ಮೇಲೂ ನಂಬಿಕೆ ಉಳಿಯುವುದಿಲ್ಲ.

ಇಷ್ಟಾದರೂ ನಮ್ಮ ಮಾತು ಬದಲಾಗುವುದಿಲ್ಲ. 585 ಪುಟದ ಒಪ್ಪಂದವನ್ನು ಮತದಾರರ ಮುಂದೆ ಇಡಬೇಕಿತ್ತು. ಅದನ್ನು 2015ರ ಕಾಯ್ದೆಯಲ್ಲೇ ಒಂದು ಸಾಲಿನಲ್ಲಿ ಬರೆದಿಟ್ಟಿದ್ದರೆ ಎರಡೂ ಕಡೆಯವರು ಒಪ್ಪಿಯೇ ಮೊದಲ ಮತ ಹಾಕುತ್ತಿದ್ದರು. ಬರೆಯದೆ ಇದ್ದುದೇ ಮೂಲ ದೋಷ. 41 ಲಕ್ಷ ಜನ ಸಹಿ ಹಾಕಿದ ಮನವಿಯೊಂದು ಶೇ 75ರಷ್ಟು ಮತದಾನ, ಶೇ 60ರಷ್ಟು ಬಹುಮತ ಇಲ್ಲದಿದ್ದರೆ ಮತ್ತೆ ಕೇಳಬೇಕು ಎಂದಿತು. ಆ ಮನವಿ ಮತದಾನಕ್ಕೂ ಮುಂಚೆಯೇ ತೆರೆದದ್ದು ನಿಜ, ಸಹಿಗಳ ಪ್ರವಾಹ ಬಂದದ್ದು ಮಾತ್ರ ಫಲಿತಾಂಶದ ನಂತರ. ಹರಾಜು ಮುಗಿದ ಮೇಲೆ ತೂಕದ ಕಲ್ಲು ಬದಲಿಸಿ ಎಂದರೆ ಯಾರೂ ಒಪ್ಪರು. ಮಿತಿ ಹಾಕುವುದಾದರೆ ಮೊದಲೇ ಹಾಕಬೇಕು. ಅದೇ ಬ್ರಿಟನ್ 1979ರಲ್ಲಿ ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಕೊಡುವ ಜನಮತಗಣನೆಯಲ್ಲಿ ಒಟ್ಟು ಮತದಾರರಲ್ಲಿ ಶೇ 40 ಜನ ಹೌದು ಎನ್ನಬೇಕೆಂದು ಮುಂಚಿತವಾಗಿ ಷರತ್ತು ಹಾಕಿತ್ತು. ಮತ ಹಾಕಿದವರಲ್ಲಿ ಶೇ 51.6 ಜನ ಹೌದು ಎಂದರೂ ಒಟ್ಟು ಪಟ್ಟಿಯ ಲೆಕ್ಕದಲ್ಲಿ ಅದು ಶೇ 32.9 ಮಾತ್ರ. ಶಾಸನಸಭೆ ಸಿಗಲಿಲ್ಲ. ಕಹಿ ಫಲಿತಾಂಶ, ಆದರೆ ನಿಯಮ ಮೊದಲೇ ಕಣ್ಣೆದುರಿಗಿತ್ತು.

ದಿನಗಳ ಲೆಕ್ಕ ಯಾಕೆ ಕೂಡಲಿಲ್ಲ

ಸೇವೆಯ ತೂಕ ಗೊತ್ತಾಗುವುದು ಸಮಯದ ಲೆಕ್ಕದಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂವಿಧಾನ ಅಧ್ಯಯನ ಘಟಕ ಲೆಕ್ಕ ಹಾಕಿದಂತೆ ಎರಡನೇ ಜನಮತಗಣನೆಗೆ ಕನಿಷ್ಠ 22 ವಾರ ಬೇಕು. ಸಂಸತ್ತಿನಲ್ಲಿ ಕಾಯ್ದೆ ಪಾಸಾಗಬೇಕು. ಪ್ರಶ್ನೆಯ ಪದಗಳನ್ನು ಚುನಾವಣಾ ಆಯೋಗ ಸಾಮಾನ್ಯ ಜನರ ಮುಂದಿಟ್ಟು ಪರೀಕ್ಷಿಸಬೇಕು. ಅದಾದ ಮೇಲೆ ಕಾನೂನು ಹೇಳುವ ಕನಿಷ್ಠ 10 ವಾರದ ಪ್ರಚಾರದ ಅವಧಿ. ಕೆಲವನ್ನು ಒಟ್ಟೊಟ್ಟಿಗೆ ನಡೆಸಿದರೂ 22 ವಾರಕ್ಕಿಂತ ಇಳಿಯದು.

ಈಗ ಹಿಂದಕ್ಕೆ ಎಣಿಸಿ. ಗಡುವು 2019ರ ಮಾರ್ಚ್ 29. ಅದಕ್ಕೆ 22 ವಾರ ಹಿಂದೆ ಎಂದರೆ 2018ರ ಅಕ್ಟೋಬರ್ ಕೊನೆ. ಒಪ್ಪಂದ ಕೈಗೆ ಬಂದದ್ದು ನವೆಂಬರ್‌ನಲ್ಲಿ. ಸರಕು ಬರುವ ಮುಂಚೆಯೇ ಅದನ್ನು ಪರೀಕ್ಷಿಸುವ ಗಡುವು ಕಳೆದುಹೋಗಿತ್ತು. ಗಡುವು ಮುಂದೂಡಬೇಕೆಂದರೆ ಉಳಿದ 27 ದೇಶಗಳೂ ಒಪ್ಪಬೇಕು. 2018ರ ಡಿಸೆಂಬರ್ 10ರಂದು ಐರೋಪ್ಯ ನ್ಯಾಯಾಲಯ, ಬ್ರಿಟನ್ ಬೇಕಾದರೆ ತಾನೊಬ್ಬನೇ ನೋಟಿಸ್ ಹಿಂಪಡೆಯಬಹುದು ಎಂದು ತೀರ್ಪು ಕೊಟ್ಟಿತು, ಕಾಲಾವಕಾಶವನ್ನು ಮಾತ್ರ ಕೊಡಲಿಲ್ಲ. ನೋಟಿಸ್ ಕೊಡುವ ಮೊದಲೇ ಈ ಲೆಕ್ಕ ಮಾಡಬೇಕಿತ್ತು. ಹುಳು ಗೂಡು ಕಟ್ಟಲು ಶುರುಮಾಡಿದ ಮೇಲೆ ಅದನ್ನು ಬಿಡುವ ಚಂದ್ರಿಕೆ ತಟ್ಟೆ ಹುಡುಕುತ್ತಾ ಕೂರುವಂತಿಲ್ಲ ಎಂದು ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತು.

ಇನ್ನೊಂದು ತೊಡಕು ಆಯ್ಕೆಗಳ ಸಂಖ್ಯೆಯದು. 2019ರಲ್ಲಿ ಎದುರಿಗಿದ್ದ ದಾರಿ ಮೂರು: ಉಳಿಯುವುದು, ಒಪ್ಪಂದದೊಂದಿಗೆ ಬಿಡುವುದು, ಒಪ್ಪಂದ ಇಲ್ಲದೆ ಬಿಡುವುದು. ಲೆಕ್ಕಕ್ಕೆಂದು 100 ಮತದಾರರನ್ನು ಇಟ್ಟುಕೊಳ್ಳಿ. 40 ಜನ ಉಳಿಯೋಣ ಎಂದರು, 35 ಜನ ಒಪ್ಪಂದ ಎಂದರು, 25 ಜನ ಒಪ್ಪಂದವೇ ಬೇಡ ಎಂದರು. ಒಂದೇ ಗುರುತು ಹಾಕುವ ಪದ್ಧತಿಯಲ್ಲಿ ‘ಉಳಿಯೋಣ’ ಗೆಲ್ಲುತ್ತದೆ, ಆದರೆ 60 ಜನ ಬಿಡಬೇಕು ಎಂದವರೇ. ಆ 25 ಜನರ ಎರಡನೇ ಆಯ್ಕೆ ‘ಒಪ್ಪಂದ’ ಆಗಿದ್ದು, ಅದನ್ನೂ ಎಣಿಸಿದರೆ ‘ಒಪ್ಪಂದ’ 60–40ರಿಂದ ಗೆಲ್ಲುತ್ತದೆ. ಮತ ಒಂದೂ ಬದಲಾಗದೆ ಗೆದ್ದವರು ಬದಲಾದರು. ಮತಪತ್ರವನ್ನು ಹೇಗೆ ಅಚ್ಚು ಹಾಕುತ್ತೀರಿ ಎಂಬುದರಲ್ಲೇ ಅರ್ಧ ಫಲಿತಾಂಶ ಅಡಗಿದೆ. ಹಾಗಾಗಿ ಮೂರು ದಾರಿ ಇದ್ದಾಗ ಆದ್ಯತೆಯ ಕ್ರಮದಲ್ಲಿ 1, 2, 3 ಎಂದು ಬರೆಸಬೇಕು, ಇಲ್ಲವೇ ಎರಡು ಹಂತದಲ್ಲಿ ಕೇಳಬೇಕು.

ಬ್ರಿಟನ್ ಮಾದರಿಗೆ 5ಕ್ಕೆ ಒಂದೂವರೆ. ಆ ಒಂದೂವರೆಯೂ ಎಣಿಕೆಯ ಶುದ್ಧತೆಗೆ, ಮತದಾನದ ದಿನದ ಅಚ್ಚುಕಟ್ಟಿಗೆ.

ಐರ್ಲೆಂಡ್ ಮತ್ತು ಡೆನ್ಮಾರ್ಕ್

ಐರ್ಲೆಂಡಿನಲ್ಲಿ ಸಂವಿಧಾನ ತಿದ್ದಬೇಕೆಂದರೆ ಜನಮತಗಣನೆ ಕಡ್ಡಾಯ. ಹಾಗಾಗಿ ಅವರಿಗೆ ಈ ಕೆಲಸ ರೂಢಿಯಾಗಿದೆ. 2001ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟದ ನೀಸ್ ಒಪ್ಪಂದವನ್ನು ಶೇ 53.9 ಜನ ಬೇಡ ಎಂದರು. ಮತ ಹಾಕಲು ಬಂದವರು ಶೇ 35ರಷ್ಟು ಮಾತ್ರ. ಸರ್ಕಾರ ಒಕ್ಕೂಟದೊಂದಿಗೆ ಮಾತಾಡಿ, ಐರ್ಲೆಂಡಿನ ಸೇನಾ ತಾಟಸ್ಥ್ಯಕ್ಕೆ ಧಕ್ಕೆ ಇಲ್ಲ ಎಂಬ ಘೋಷಣೆ ತಂದಿತು. 2002ರ ಅಕ್ಟೋಬರ್‌ನಲ್ಲಿ ಮತ್ತೆ ಕೇಳಿದಾಗ ಶೇ 62.9 ಜನ ಹೌದು ಎಂದರು.

ಶೇಕಡಾವಾರು ನೋಡಿದರೆ ಜನ ಮಾತು ಬದಲಿಸಿದರು ಅನ್ನಿಸುತ್ತದೆ. ಮತಗಳ ಸಂಖ್ಯೆ ಬೇರೆಯೇ ಕಥೆ ಹೇಳುತ್ತದೆ. ಮೊದಲ ಸಲ ಬೇಡ ಎಂದವರು ಸುಮಾರು 5.29 ಲಕ್ಷ, ಎರಡನೇ ಸಲ ಸುಮಾರು 5.35 ಲಕ್ಷ. ಆ ಕಡೆಯ ಒಟ್ಟು ಮತ ಕುಗ್ಗಲೇ ಇಲ್ಲ. ಹೌದು ಎಂದವರು ಮಾತ್ರ 4.53 ಲಕ್ಷದಿಂದ 9.06 ಲಕ್ಷಕ್ಕೆ ಏರಿದರು. ಮೊದಲ ಸಲ ಮನೆಯಲ್ಲಿ ಕುಳಿತವರು ಎರಡನೇ ಸಲ ಎದ್ದು ಬಂದರು. ಎರಡನೇ ಮತದಾನದ ಪರವಾಗಿ ಇರುವ ಪ್ರಾಮಾಣಿಕ ವಾದಗಳಲ್ಲಿ ಇದು ಮುಖ್ಯವಾದದ್ದು: ಮೂರರಲ್ಲಿ ಇಬ್ಬರು ಬಾರದೆ ಆದ ತೀರ್ಮಾನವನ್ನು ಊರಿನ ತೀರ್ಮಾನ ಎನ್ನುವುದು ಕಷ್ಟ. ಒಕ್ಕೂಟದ ಲಿಸ್ಬನ್ ಒಪ್ಪಂದದಲ್ಲೂ ‘ಬೇಡ’ ‘ಹೌದು’ ಆಯಿತು. 2008ರಲ್ಲಿ ಶೇ 53.4 ಬೇಡ, 2009ರಲ್ಲಿ ತೆರಿಗೆ, ಗರ್ಭಪಾತ, ತಾಟಸ್ಥ್ಯದ ಬಗ್ಗೆ ಖಾತರಿ ತಂದ ಮೇಲೆ ಶೇ 67.1 ಹೌದು.

ದೋಷವೂ ಇದೆ. ಒಪ್ಪಂದದ ಮೂಲ ಪಠ್ಯದಲ್ಲಿ ಒಂದಕ್ಷರ ಬದಲಾಗಲಿಲ್ಲ, ಪಕ್ಕದಲ್ಲೊಂದು ಘೋಷಣೆ ಸೇರಿತು ಅಷ್ಟೆ. ‘ಬೇಡ’ ಎಂದಾಗ ಮತ್ತೆ ಕೇಳುತ್ತಾರೆ, ‘ಹೌದು’ ಎಂದಾಗ ಯಾಕೆ ಕೇಳುವುದಿಲ್ಲ ಎಂದು ಅಲ್ಲಿನವರು ಕೇಳಿದ ಪ್ರಶ್ನೆಗೆ ಈಗಲೂ ಉತ್ತರವಿಲ್ಲ. ಹಾಗಾಗಿ ನಾಲ್ಕಕ್ಕಿಂತ ಹೆಚ್ಚು ಕೊಡಲಾಗದು. ಆ ನಾಲ್ಕರಲ್ಲಿ ಒಂದು ಪೂರ್ತಿ ಅಂಕ, ಮತಕ್ಕಿಟ್ಟ ವಿಷಯವನ್ನು ಪಕ್ಷಪಾತವಿಲ್ಲದೆ ಮನೆಮನೆಗೆ ತಿಳಿಸಲು ಅವರು 1998ರಿಂದಲೇ ನಡೆಸಿದ ಜನಮತಗಣನೆ ಆಯೋಗಕ್ಕೆ.

ಡೆನ್ಮಾರ್ಕ್ ಹೆಚ್ಚು ನೇರ. 1992ರ ಜೂನ್ 2ರಂದು ಐರೋಪ್ಯ ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದವನ್ನು ಶೇ 50.7 ಜನ ಬೇಡ ಎಂದರು. ಮತದಾನ ಶೇ 83ರಷ್ಟಿತ್ತು, ಅಂದರೆ ‘ಜನ ಬರಲಿಲ್ಲ’ ಎಂಬ ನೆಪ ಇರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಎಡಿನ್‌ಬರೋದಲ್ಲಿ ನಡೆದ ಐರೋಪ್ಯ ನಾಯಕರ ಸಭೆಯಲ್ಲಿ ಡೆನ್ಮಾರ್ಕಿಗೆ ನಾಲ್ಕು ವಿನಾಯಿತಿ ಸಿಕ್ಕವು: ಸಾಮಾನ್ಯ ನಾಣ್ಯ, ರಕ್ಷಣೆ, ನ್ಯಾಯ ಮತ್ತು ಪೊಲೀಸ್ ಸಹಕಾರ, ಒಕ್ಕೂಟದ ಪೌರತ್ವ. ಇವು ನಿಜವಾದ ಬದಲಾವಣೆ. ಡೆನ್ಮಾರ್ಕ್ ಇವತ್ತಿಗೂ ತನ್ನ ಕ್ರೋನ್ ನಾಣ್ಯವನ್ನೇ ಬಳಸುತ್ತಿದೆ. 1993ರ ಮೇ 18ರಂದು ಶೇ 56.7 ಜನ ಹೌದು ಎಂದರು. ಅದೇ ರಾತ್ರಿ ಕೋಪನ್‌ಹೇಗನ್‌ನ ನೋರ್‌ಬ್ರೋ ಬಡಾವಣೆಯಲ್ಲಿ ಗಲಭೆಯಾಗಿ ಪೊಲೀಸರು ಗುಂಡು ಹಾರಿಸಿದರು, ಜನ ಗಾಯಗೊಂಡರು. ಎರಡನೇ ಮತದಾನ ಊರಿಗೆ ಶಾಂತಿ ತರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಈ ರಾತ್ರಿಯನ್ನು ನೆನಪಿಸಿ.

ಅತ್ಯುತ್ತಮ ಮತ್ತು ಅತಿ ಕೆಟ್ಟ ಮಾದರಿಗಳು

ನಾವು ಕಣ್ಣುಮುಚ್ಚಿ ಶಿಫಾರಸು ಮಾಡುವುದು ನ್ಯೂಜಿಲೆಂಡ್ ಮಾದರಿ. ಚುನಾವಣಾ ಪದ್ಧತಿ ಬದಲಿಸಬೇಕೇ ಎಂದು 1992ರಲ್ಲಿ ಮೊದಲು ಕೇಳಿದರು. ಒಂದು ಪ್ರಶ್ನೆ, ಬದಲಾವಣೆ ಬೇಕೇ ಎಂದು. ಇನ್ನೊಂದು, ಬದಲಿಸುವುದಾದರೆ ಈ ನಾಲ್ಕರಲ್ಲಿ ಯಾವುದು ಎಂದು. ಶೇ 84.7 ಜನ ಬದಲಾವಣೆ ಬೇಕು ಎಂದರು. ಅಲ್ಲಿಗೇ ಜಾರಿ ಮಾಡಲಿಲ್ಲ. ಗೆದ್ದ ಪದ್ಧತಿಯ ಕಾಯ್ದೆಯನ್ನು ಪೂರ್ತಿ ಬರೆದು ಪಾಸು ಮಾಡಿ, ಜನ ಒಪ್ಪಿದರೆ ಮಾತ್ರ ಜಾರಿ ಎಂದು ಇಟ್ಟು, 1993ರಲ್ಲಿ ಹಳೆಯದು ಬೇಕೋ ಹೊಸದು ಬೇಕೋ ಎಂದು ಕೇಳಿದರು. ಈ ಸಲ ಶೇ 53.9 ಜನ ಮಾತ್ರ ಹೊಸದನ್ನು ಒಪ್ಪಿದರು. 84.7ರಿಂದ 53.9ಕ್ಕೆ ಇಳಿದದ್ದನ್ನು ಗಮನಿಸಿ. ‘ಬದಲಾವಣೆ’ ಎಂಬ ಮಾತಿಗೆ ಸಿಕ್ಕ ಒಪ್ಪಿಗೆ ಬೇರೆ, ಬರೆದಿಟ್ಟ ಕಾಯ್ದೆಗೆ ಸಿಕ್ಕ ಒಪ್ಪಿಗೆ ಬೇರೆ. ಹದಿನೈದು ವರ್ಷ ಬಳಸಿ ನೋಡಿದ ಮೇಲೆ 2011ರಲ್ಲಿ ಮೂರನೇ ಸಲ ಕೇಳಿದಾಗ ಶೇ 57.8 ಜನ ಇದೇ ಇರಲಿ ಎಂದರು. 5ಕ್ಕೆ ನಾಲ್ಕೂವರೆ.

ಸ್ವಿಟ್ಜರ್ಲೆಂಡಿನಲ್ಲಿ ಸಂಸತ್ತು ಮಾಡಿದ ಕಾಯ್ದೆಯ ವಿರುದ್ಧ 100 ದಿನದಲ್ಲಿ 50,000 ಸಹಿ ಕೂಡಿಸಿದರೆ ಅದು ಜನರ ಮುಂದೆ ಬರಲೇಬೇಕು. ಅಲ್ಲಿಂದ ಒಂದು ಪಾಠ ಸಾಕು: 2016ರಲ್ಲಿ ದಂಪತಿಗಳ ತೆರಿಗೆಯ ಮೇಲೆ ನಡೆದ ಮತದಾನಕ್ಕೆ ಮುಂಚೆ, ಹೆಚ್ಚು ತೆರಿಗೆಯ ಹೊರೆ ಬೀಳುವ ದುಡಿಯುವ ದಂಪತಿಗಳು 80,000 ಎಂದು ಸರ್ಕಾರ ಹೇಳಿತ್ತು. ನಿಜವಾದ ಸಂಖ್ಯೆ 4,54,000. 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಮತದಾನವನ್ನೇ ರದ್ದು ಮಾಡಿತು. ಪ್ರಚಾರಕರ ಉತ್ಪ್ರೇಕ್ಷೆ ಒಂದು, ಸರ್ಕಾರವೇ ಕೊಟ್ಟ ತಪ್ಪು ಅಂಕಿ ಇನ್ನೊಂದು. ಎರಡನೆಯದು ಮತ್ತೆ ಕೇಳಲು ಸಾಕಾದ ಕಾರಣ.

ಗ್ರೀಸ್ 2015ರಲ್ಲಿ ಮಾಡಿದ್ದನ್ನು ಯಾರೂ ಮಾಡಬಾರದು. ಜೂನ್ ಕೊನೆಯಲ್ಲಿ ಘೋಷಿಸಿ ಜುಲೈ 5ಕ್ಕೆ ಮತದಾನ. ಪ್ರಚಾರಕ್ಕೆ ಒಂದು ವಾರ. ಯಾವ ಸಾಲದ ಷರತ್ತುಗಳ ಮೇಲೆ ಮತ ಕೇಳಿದರೋ ಆ ಪ್ರಸ್ತಾವದ ಅವಧಿ ಜೂನ್ 30ಕ್ಕೇ ಮುಗಿದಿತ್ತು. ಶೇ 61.3 ಜನ ಬೇಡ ಎಂದರು, ಸರ್ಕಾರ ಒಂದೇ ವಾರದಲ್ಲಿ ಅದಕ್ಕಿಂತ ಬಿಗಿಯಾದ ಷರತ್ತಿಗೆ ಒಪ್ಪಿತು.

ನಮ್ಮಲ್ಲಿ ಈ ಸರಕು ಸಿಗುತ್ತದೆಯೇ?

ಭಾರತದ ಸಂವಿಧಾನದಲ್ಲಿ ಜನಮತಗಣನೆಗೆ ಜಾಗವಿಲ್ಲ. ಸಂವಿಧಾನದ ಮೂಲ ಲಕ್ಷಣಗಳನ್ನು ಮುಟ್ಟುವ ತಿದ್ದುಪಡಿಗೆ ಜನಮತಗಣನೆ ಬೇಕು ಎಂದು ಜನತಾ ಸರ್ಕಾರ 1978ರಲ್ಲಿ ಪ್ರಸ್ತಾವ ತಂದಿತ್ತು, ರಾಜ್ಯಸಭೆ ಒಪ್ಪಲಿಲ್ಲ. ಆದರೆ ವಿಶೇಷ ಕಾಯ್ದೆ ಮಾಡಿ 1967ರ ಜನವರಿ 16ರಂದು ಗೋವಾದಲ್ಲಿ ಒಮ್ಮೆ ಕೇಳಿದ್ದೇವೆ. ಹೂವಿನ ಗುರುತಿಗೆ ಹಾಕಿದರೆ ಮಹಾರಾಷ್ಟ್ರದೊಂದಿಗೆ ವಿಲೀನ, ಎರಡೆಲೆಗೆ ಹಾಕಿದರೆ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದು. ಎರಡೆಲೆ 34,021 ಮತದಿಂದ ಗೆದ್ದಿತು. ಮತ ನ್ಯಾಯವಾಗಿ ನಡೆಯಲಿ ಎಂದು ಅದಕ್ಕೂ ಮೊದಲು ಅಲ್ಲಿನ ಸರ್ಕಾರ ರಾಜೀನಾಮೆ ಕೊಟ್ಟಿತ್ತು. ಪ್ರತ್ಯೇಕ ರಾಜ್ಯ ಎಂಬ ಮೂರನೇ ಆಯ್ಕೆ ಮಾತ್ರ ಮತಪತ್ರದಲ್ಲಿ ಇರಲಿಲ್ಲ. ಅದು ಬಂದದ್ದು ಇಪ್ಪತ್ತು ವರ್ಷದ ಬಳಿಕ, 1987ರ ಮೇ 30ರಂದು.

ಎರಡನೇ ಸಲ ಕೇಳುವ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿದೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆ ಬೇಕೇ ಎಂಬುದನ್ನು ಗ್ರಾಮಸಭೆಗಳೇ ಪರಿಶೀಲಿಸಲಿ ಎಂದು ಕೋರ್ಟು 2013ರ ಏಪ್ರಿಲ್‌ನಲ್ಲಿ ಹೇಳಿತು. 12 ಗ್ರಾಮಸಭೆ ನಡೆದು ಹನ್ನೆರಡೂ ಬೇಡ ಎಂದವು. ಮತ್ತೆ ಗ್ರಾಮಸಭೆ ಕರೆಯಲು ಅವಕಾಶ ಕೊಡಿ ಎಂದು ಒಡಿಶಾ ಕಡೆಯಿಂದ ಹೋದ ಮನವಿಯನ್ನು 2016ರ ಮೇ ತಿಂಗಳಲ್ಲಿ ಕೋರ್ಟು ಪುರಸ್ಕರಿಸಲಿಲ್ಲ. ಸರಿಯಾದದ್ದೇ ಆಯಿತು. ಬೆಟ್ಟ ಅದೇ, ಕೇಳುತ್ತಿರುವುದೂ ಅದನ್ನೇ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ದೊಡ್ಡ ತೀರ್ಮಾನಗಳನ್ನು ಈ ಅಳತೆಗೋಲಿನಲ್ಲಿ ನೋಡಿದರೆ ನೋವಾಗುತ್ತದೆ. ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು 8,323 ಕೋಟಿ ರೂಪಾಯಿ. ಪರಿಷ್ಕೃತ ಅಂದಾಜು 23,251 ಕೋಟಿ ದಾಟಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಮೂಲಕ ಕೋಲಾರದ ಕೆರೆಗಳಿಗೆ, ಎಚ್.ಎನ್. ವ್ಯಾಲಿ ಮೂಲಕ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸುತ್ತಾರೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಒಂದು ಗುಂಪು, ಬತ್ತಿದ ಕೊಳವೆಬಾವಿಗೆ ನೀರು ಬಂತಲ್ಲ ಎಂದು ಇನ್ನೊಂದು ಗುಂಪು. ಎರಡೂ ಗುಂಪಿನಲ್ಲಿ ಅಣ್ಣ ತಮ್ಮಂದಿರೇ ಇದ್ದಾರೆ. ಎರಡನೇ ಸಲ ಕೇಳುವ ಮಾತು ಹಾಗಿರಲಿ, ಮತಪತ್ರ ಹಿಡಿದು ಮೊದಲ ಸಲವೂ ಇವರನ್ನು ಯಾರೂ ಕೇಳಲಿಲ್ಲ.

ನಮಗೆ ಸಿಗುವ ಒಂದೇ ಕಿಟಕಿ

ಉಳಿದದ್ದು ಗ್ರಾಮಸಭೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ ಪ್ರಕಾರ ಪಂಚಾಯತಿಯ ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಅದರ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಇದಕ್ಕೆ ರಾಷ್ಟ್ರದ ತೀರ್ಮಾನ ತಡೆಯುವ ಶಕ್ತಿ ಇಲ್ಲ, ಕಾಮಗಾರಿ ಆಯ್ಕೆ, ಫಲಾನುಭವಿಗಳ ಪಟ್ಟಿಯಂಥ ಊರಿನ ಕೆಲಸಗಳೇ ಇಲ್ಲಿ ಮುಖ್ಯ. ಆದರೆ ಮೊದಲು ಆದ ನಿರ್ಣಯವನ್ನು ಮತ್ತೆ ಚರ್ಚೆಗೆ ತರುವ ದಾರಿ ಇಲ್ಲಿ ಮೊದಲೇ ಬರಹದಲ್ಲಿದೆ. ಆ ಒಂದು ಗುಣ ಬ್ರಿಟನ್ ಕಾಯ್ದೆಯಲ್ಲಿ ಇರಲಿಲ್ಲ.

ಸದಸ್ಯರಲ್ಲಿ ಶೇ 10 ಜನ ಚರ್ಚೆಯ ವಿಷಯ ಬರೆದು ಸಹಿ ಹಾಕಿ ಕೊಟ್ಟರೆ ವಿಶೇಷ ಗ್ರಾಮಸಭೆ ಕರೆಯಲೇಬೇಕು. ಎರಡು ವಿಶೇಷ ಸಭೆಗಳ ನಡುವೆ ಕನಿಷ್ಠ ಮೂರು ತಿಂಗಳ ಅಂತರ ಇರಬೇಕು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ಮತದಾರರ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಬಂದವರಲ್ಲಿ ಶೇ 30 ಮಹಿಳೆಯರಿರಬೇಕು.

ಇಲ್ಲೊಂದು ತೂತಿದೆ. 4,000 ಮತದಾರರ ಪಂಚಾಯತಿಯಲ್ಲಿ ವಿಶೇಷ ಸಭೆ ಕರೆಸಲು 400 ಸಹಿ ಬೇಕು, ತೀರ್ಮಾನ ಮಾಡಲು 100 ಜನ ಸಾಕು. ಮೊದಲ ಸಲ 300 ಜನ ಕೂಡಿ ಮಾಡಿದ ನಿರ್ಣಯವನ್ನು ಎರಡನೇ ಸಲ 105 ಜನ ಕೂಡಿ ತಿರುಗಿಸಬಹುದು. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಸೊಪ್ಪು ತಿನ್ನುವ ದಿನಗಳಲ್ಲಿ ಬೆಳಗ್ಗೆ 11ಕ್ಕೆ ಸಭೆ ಇಟ್ಟರೆ ಹಿಪ್ಪುನೇರಳೆ ತೋಟ ಬಿಟ್ಟು ಯಾವ ಹೆಂಗಸೂ ಬರುವಂತಿಲ್ಲ. ದಿನ, ವೇಳೆ ಗೊತ್ತು ಮಾಡುವವರೇ ಅಲ್ಲಿ ಅರ್ಧ ಗೆದ್ದಿರುತ್ತಾರೆ.

ಹಾಗಾಗಿ ಅರ್ಜಿ ಬರೆಯುವವರು ಮೊದಲ ನಿರ್ಣಯದ ದಿನಾಂಕ, ನಿರ್ಣಯದ ಸಂಖ್ಯೆ, ಆ ದಿನ ಹಾಜರಿದ್ದವರ ಸಂಖ್ಯೆಯನ್ನು ನಡಾವಳಿ ಪುಸ್ತಕ ನೋಡಿ ನಕಲು ಮಾಡಿಕೊಳ್ಳಿ. ಆಮೇಲೆ ಏನು ಬದಲಾಗಿದೆ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ: ಅಂದಾಜು ವೆಚ್ಚ ಇಷ್ಟಿತ್ತು, ಇಷ್ಟಾಯಿತು, ಜಾಗ ಅಲ್ಲಿತ್ತು, ಇಲ್ಲಿಗೆ ಬಂತು. ಬದಲಾವಣೆಯ ಸಾಲು ಬರೆಯಲು ಬಾರದಿದ್ದರೆ ಅರ್ಜಿ ಕೊಡಬೇಡಿ. ಸಹಿಯ ಪಕ್ಕ ಮತದಾರರ ಪಟ್ಟಿಯ ಕ್ರಮಸಂಖ್ಯೆ ಇರಲಿ, ಇಲ್ಲದಿದ್ದರೆ ಶೇ 10ರ ಲೆಕ್ಕದಲ್ಲಿ ಸಹಿ ಬಿದ್ದುಹೋಗುತ್ತದೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೈಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಸಭೆಯಲ್ಲಿ ಕೈ ಎತ್ತಿದವರನ್ನು ಪರ ಎಷ್ಟು, ವಿರುದ್ಧ ಎಷ್ಟು ಎಂದು ಎಣಿಸಿ, ಮೊದಲ ಸಲದ ಸಂಖ್ಯೆಯ ಪಕ್ಕದಲ್ಲೇ ಬರೆಸಿ. ‘ಸರ್ವಾನುಮತದಿಂದ’ ಎಂಬ ಪದವನ್ನು ಎಣಿಸದೆ ಬರೆಯಲು ಬಿಡಬೇಡಿ. ಓದಿ ಹೇಳಿಸಿ, ಸಹಿ ಬಿದ್ದ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಎದ್ದು ಬನ್ನಿ.